ವಿಮಾನದಲ್ಲಿ ಮಗು ಅಳಲಿ ಬಿಡಿ

‘ಹೊರಡೋ ಮುಂಚೆ ಒಂದು ಮುಚ್ಚಳ ನೆಗಡಿ ಸಿರಪ್ ಹಾಕಿಬಿಡಿ, ಇಳಿಯೋವರೆಗೂ ಏಳಲ್ಲ.’

ಒಂದೂವರೆ ವರ್ಷದ ಕೂಸನ್ನು ಮೊದಲ ಸಲ ವಿಮಾನ ಹತ್ತಿಸಲು ಹೊರಟ ಮನೆಯಲ್ಲಿ ಈ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಹೇಳುವವರು ಕೆಟ್ಟವರೇನಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ದೊಡ್ಡಮ್ಮ, ದುಬೈಯಲ್ಲಿ ಸಂಸಾರ ಹೂಡಿರುವ ನಾದಿನಿ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನ ಅಮ್ಮಂದಿರು. ‘ನಮ್ಮ ಮಗೂಗೂ ಕೊಟ್ಟಿದ್ವಿ, ಏನೂ ಆಗಲಿಲ್ಲ’ ಎಂಬ ಭರವಸೆಯನ್ನೂ ಜೊತೆಗೇ ಕೊಡುತ್ತಾರೆ. ಪಾಸ್‌ಪೋರ್ಟು, ಡಯಾಪರು, ಒಂದು ಜೊತೆ ಬಟ್ಟೆಯ ಪಕ್ಕದಲ್ಲಿ ಆ ಬಾಟಲಿಯೂ ಕೈಚೀಲ ಸೇರುತ್ತದೆ. ಯಾರೂ ತಡೆಯುವುದಿಲ್ಲ, ಯಾರೂ ಪ್ರಶ್ನಿಸುವುದಿಲ್ಲ.

ನಾನು ಪ್ರಶ್ನಿಸುತ್ತೇನೆ. ರೋಗವೇ ಇಲ್ಲದ ಮಗುವಿಗೆ ಔಷಧ ಕುಡಿಸುವ ಹಕ್ಕನ್ನು ನಮಗೆ ಯಾರು ಕೊಟ್ಟರು? ಆ ಒಂದು ಮುಚ್ಚಳ ಯಾರ ಸುಖಕ್ಕಾಗಿ? ಮಗುವಿನದ್ದೋ, ಪಕ್ಕದ ಸೀಟಿನವರದ್ದೋ?

ಆ ಸಿರಪ್ಪಿನಲ್ಲಿ ನಿದ್ದೆ ತರಿಸುವುದೇನು ಎಂಬುದನ್ನು ಕೊಡುವವರಲ್ಲಿ ಬಹಳ ಜನ ಕೇಳಿಯೂ ಇರುವುದಿಲ್ಲ. ಸಾಮಾನ್ಯವಾಗಿ ಅದು ಕ್ಲೋರ್‌ಫೆನಿರಮೀನ್ ಅಥವಾ ಪ್ರೊಮೆಥಝೀನ್. ಎರಡೂ ಹಳೆಯ ತಲೆಮಾರಿನ ಆಂಟಿಹಿಸ್ಟಮೀನ್‌ಗಳು. ಸೀನು, ತುರಿಕೆ, ಅಲರ್ಜಿಗೆಂದು ಮಾಡಿದವು. ಇವು ರಕ್ತದಿಂದ ಮಿದುಳಿಗೂ ದಾಟುತ್ತವೆ, ಅದಕ್ಕೇ ಮಂಪರು. ಪ್ರೊಮೆಥಝೀನ್ 1940ರ ದಶಕದಲ್ಲಿ ಫ್ರಾನ್ಸಿನಲ್ಲಿ ತಯಾರಾಯಿತು. ಅದರದೇ ರಾಸಾಯನಿಕ ಕುಟುಂಬದಿಂದ ಮುಂದೆ ಬಂದ ಕ್ಲೋರ್‌ಪ್ರೊಮಝೀನ್ ಮಾನಸಿಕ ಆಸ್ಪತ್ರೆಗಳಲ್ಲಿ ಉದ್ರಿಕ್ತ ರೋಗಿಗಳನ್ನು ಶಾಂತಗೊಳಿಸುವ ಔಷಧವಾಯಿತು. ನಾವು ‘ಬರೀ ನೆಗಡಿ ಔಷಧಿ’ ಎಂದು ಕರೆಯುತ್ತಿರುವುದರಲ್ಲಿ ಈ ಮನೆತನದ ವಸ್ತುವೂ ಇದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಪ್ರೊಮೆಥಝೀನ್ ಮೇಲೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ಮುದ್ರಿಸಲು ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇ ಕೂಡದು, ಉಸಿರಾಟ ಕುಗ್ಗಿ ಸಾವು ಸಂಭವಿಸಬಹುದು. ನಮ್ಮಲ್ಲೂ ಸರ್ಕಾರ ಸುಮ್ಮನಿಲ್ಲ. 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಣ ಇಲಾಖೆ, ಕ್ಲೋರ್‌ಫೆನಿರಮೀನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಬಳಸಬಾರದೆಂದು ಲೇಬಲ್ಲಿನ ಮೇಲೇ ಬರೆಯಬೇಕೆಂದಿತು. 2025ರ ಅಕ್ಟೋಬರಿನಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಇನ್ನೂ ಸ್ಪಷ್ಟವಾಗಿ ಹೇಳಿತು: ಕೆಮ್ಮು, ನೆಗಡಿಯ ಔಷಧಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಬರೆದುಕೊಡಬಾರದು; ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು. ಆ ಸುತ್ತೋಲೆ ಬಂದದ್ದು ಮಧ್ಯಪ್ರದೇಶದ ಛಿಂದ್‌ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಒಬ್ಬರ ಹಿಂದೊಬ್ಬರು ಮೂತ್ರಪಿಂಡ ಸೋತು ಸತ್ತ ಹೊತ್ತಿನಲ್ಲಿ. ಅಲ್ಲಿ ಕೊಂದದ್ದು ಸಿರಪ್ಪಿನಲ್ಲಿ ಸೇರಿದ್ದ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ, ಆಂಟಿಹಿಸ್ಟಮೀನ್ ಅಲ್ಲ, ಒಪ್ಪುತ್ತೇನೆ. ಆದರೆ ಕಾಯಿಲೆ ಬಿದ್ದ ಮಗುವಿಗೇ ಬೇಡ ಎಂದು ದೇಶದ ಆರೋಗ್ಯ ಇಲಾಖೆ ಹೇಳುತ್ತಿರುವ ಬಾಟಲಿಯನ್ನು, ನಗುನಗುತ್ತಾ ಆಡಿಕೊಂಡಿರುವ ಮಗುವಿನ ಬಾಯಿಗೆ ಹಿಡಿಯುತ್ತೇವಲ್ಲ, ಇದಕ್ಕೆ ಯಾವ ಸಮಜಾಯಿಷಿ ಇದೆ?

ಕೊಡುವ ಜಾಗವನ್ನೂ ನೋಡಿ. ವಿಮಾನದೊಳಗಿನ ಗಾಳಿ ನೆಲದ ಮೇಲಿನ ಗಾಳಿಯಲ್ಲ. ಹಾರುವಾಗ ಕ್ಯಾಬಿನ್ನಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಅಂದರೆ ಅನೇಕ ವಿಮಾನಗಳಲ್ಲಿ ಮಗು ಕೂತಿರುವುದು ಅದಕ್ಕೂ ಮೇಲೆ. ಆರೋಗ್ಯವಂತ ಮಗು ಇದನ್ನು ತಡೆದುಕೊಳ್ಳುತ್ತದೆ, ಅದರ ಉಸಿರಾಟ ತಾನಾಗಿ ಹೊಂದಿಕೊಳ್ಳುತ್ತದೆ. ಆಮ್ಲಜನಕ ತೆಳುವಾದ ಅಂಥ ಕಡೆಯಲ್ಲಿ ಉಸಿರನ್ನೇ ಮಂದಗೊಳಿಸಬಲ್ಲ ಔಷಧ ಕೊಟ್ಟು, ಅಳತೆಗೆ ಬಾಟಲಿಯ ಮುಚ್ಚಳವನ್ನೇ ನಂಬಿ, ಪಕ್ಕದಲ್ಲಿ ವೈದ್ಯರಿಲ್ಲದೆ, ದೀಪ ಆರಿಸಿದ ಕತ್ತಲೆಯಲ್ಲಿ, ಕಂಬಳಿ ಹೊದೆಸಿ ಮಲಗಿಸುತ್ತೇವೆ. ಮಗುವಿನ ತುಟಿಯ ಬಣ್ಣ ಬದಲಾದರೆ ಆ ಕತ್ತಲೆಯಲ್ಲಿ ಯಾರಿಗೆ ಕಾಣುತ್ತದೆ?

ಹೋಗಲಿ, ಇದರಿಂದ ಬಯಸಿದ ಕೆಲಸವಾದರೂ ಆಗುತ್ತದೆಯೇ? ಕೆಲವು ಪುಟ್ಟ ಮಕ್ಕಳಲ್ಲಿ ಈ ಔಷಧಗಳು ತದ್ವಿರುದ್ಧ ಪರಿಣಾಮ ಮಾಡುತ್ತವೆ. ಮಗು ಮಲಗುವ ಬದಲು ಕೆರಳುತ್ತದೆ, ರಚ್ಚೆ ಹಿಡಿಯುತ್ತದೆ, ಎತ್ತಿಕೊಂಡರೂ ನಿಲ್ಲದೆ ಹೊರಳಾಡುತ್ತದೆ. ಮಕ್ಕಳ ವೈದ್ಯರಿಗೆ ಇದು ಹಳೆಯ ಸಂಗತಿ. ಇನ್ನು ಮಲಗುವ ಮಗುವಿನ ಲೆಕ್ಕ ಹಾಕಿ. ಮಂಪರು ನಾಲ್ಕಾರು ಗಂಟೆ ಇರುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಮಂಗಳೂರಿನಿಂದ ದುಬೈಗೆ ನಾಲ್ಕು ಗಂಟೆಯೂ ಇಲ್ಲ. ಅಪ್ಪನನ್ನು ತಿಂಗಳುಗಟ್ಟಲೆ ನೋಡದ ಕೂಸು ಅಲ್ಲಿ ಇಳಿಯುವಾಗ ಕತ್ತು ಜೋಲಿಸಿಕೊಂಡು, ಯಾರು ಎತ್ತಿಕೊಂಡರೆಂದೂ ತಿಳಿಯದೆ ಇಳಿಯುತ್ತದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೋ, ನೇರವಾಗಿ ಹಾರಿದರೂ ಹದಿನಾರು ಗಂಟೆಯ ದಾರಿ. ಮಂಪರು ನಡುದಾರಿಯಲ್ಲೇ ಇಳಿಯುತ್ತದೆ. ಆಗ ಇನ್ನೊಂದು ಮುಚ್ಚಳವೇ? ಅದಾದ ಮೇಲೆ ಮತ್ತೊಂದೇ?

ಈ ಸಲಹೆ ಅಪಾಯಕಾರಿ ಮಾತ್ರವಲ್ಲ, ಮೂಲದಲ್ಲೇ ತಪ್ಪು. ವಿಮಾನದಲ್ಲಿ ಕೂಸು ಅಳಲು ದೊಡ್ಡ ಕಾರಣ ಕಿವಿ. ಗಂಟಲಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯೂಸ್ಟೇಷಿಯನ್ ನಾಳ ದೊಡ್ಡವರಲ್ಲಿ ಇಳಿಜಾರಾಗಿ, ಉದ್ದವಾಗಿ ಇರುತ್ತದೆ. ಪುಟ್ಟ ಮಕ್ಕಳಲ್ಲಿ ಅದು ಗಿಡ್ಡ, ಕಿರಿದು, ಹೆಚ್ಚು ಕಡಿಮೆ ಅಡ್ಡಡ್ಡ. ವಿಮಾನ ಮೇಲೇರುವಾಗ ಕಿವಿಯೊಳಗಿನ ಗಾಳಿ ಹಿಗ್ಗಿ ತಾನಾಗಿ ಹೊರಬರುತ್ತದೆ, ಅಷ್ಟು ತೊಂದರೆಯಿಲ್ಲ. ಇಳಿಯುವಾಗ ಹಾಗಲ್ಲ. ಹೊರಗಿನ ಒತ್ತಡ ಏರುತ್ತಾ ಹೋಗುತ್ತದೆ, ಕಿವಿತಮಟೆ ಒಳಕ್ಕೆ ಬಾಗುತ್ತದೆ, ನಾಳ ಮುಚ್ಚಿಕೊಂಡು ಕೂರುತ್ತದೆ. ಅದನ್ನು ತೆರೆಯಬೇಕಾದರೆ ಗಂಟಲಿನ ಸ್ನಾಯು ಕೆಲಸ ಮಾಡಬೇಕು. ನುಂಗಿದಾಗ ಅದು ಕೆಲಸ ಮಾಡುತ್ತದೆ, ಆಕಳಿಸಿದಾಗ ಮಾಡುತ್ತದೆ, ಬಾಯಿ ಅಗಲಿಸಿ ಅತ್ತಾಗಲೂ ಮಾಡುತ್ತದೆ.

ನಿದ್ದೆಯಲ್ಲಿರುವವರು ಎಚ್ಚರವಿರುವವರಷ್ಟು ಸಲ ನುಂಗುವುದಿಲ್ಲ. ಔಷಧದ ಮಂಪರಿನಲ್ಲಿ ಬಿದ್ದ ಮಗುವನ್ನು ಎಬ್ಬಿಸಿ ನುಂಗಿಸುವುದೂ ಸುಲಭವಲ್ಲ. ಯಾವ ಹೊತ್ತಿನಲ್ಲಿ ಮಗು ಎಚ್ಚರವಿದ್ದು, ಹಾಲು ಕುಡಿದು, ನೀರು ಗುಟುಕರಿಸಿ, ಬೇಕಾದರೆ ಬಾಯಿಬಿಟ್ಟು ಅತ್ತು ತನ್ನ ಕಿವಿಯನ್ನು ತಾನೇ ಸರಿಪಡಿಸಿಕೊಳ್ಳಬೇಕೋ ಅದೇ ಹೊತ್ತಿನಲ್ಲಿ ನಾವು ಅದರ ಮೈ ಕಟ್ಟಿಹಾಕಿರುತ್ತೇವೆ. ನೋವು ಹೋಗಿಲ್ಲ. ನೋವಾಗುತ್ತಿದೆ ಎಂದು ಹೇಳುವ ದಾರಿಯನ್ನು ಮುಚ್ಚಿದ್ದೇವೆ. ಕಡೆಗೆ ಆ ನೋವೇ ಮಂಪರನ್ನು ಹರಿದು ಎಬ್ಬಿಸಿದಾಗ ಮಗುವಿಗೆ ತಾನೆಲ್ಲಿದ್ದೇನೆಂದೂ ತಿಳಿಯುವುದಿಲ್ಲ. ‘ಅಷ್ಟು ಹೊತ್ತು ಚೆನ್ನಾಗಿ ಮಲಗಿತ್ತು, ಇಳಿಯುವಾಗ ಇದ್ದಕ್ಕಿದ್ದಂತೆ ಕಿರುಚಿಕೊಂಡಿತು’ ಎಂದು ಎಷ್ಟು ಜನ ಹೇಳುತ್ತಾರೆ! ಇದ್ದಕ್ಕಿದ್ದಂತೆ ಏನೂ ಆಗಿರುವುದಿಲ್ಲ. ಆ ಅಳು ಮಗುವಿನ ಮೈ ಕಂಡುಕೊಂಡ ಚಿಕಿತ್ಸೆ. ಅದನ್ನು ನಿಲ್ಲಿಸಲು ನಾವು ಔಷಧ ಹುಡುಕುತ್ತಿದ್ದೇವೆ.

ಮಗುವಿನ ಬಾಯಿ ಮುಚ್ಚಿಸಲು ಮದ್ದು ಹಾಕುವುದು ಹೊಸತೇನಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಮಿಸೆಸ್ ವಿನ್ಸ್‌ಲೋ ಹೆಸರಿನ ಸಿರಪ್ ಮನೆಮನೆಯಲ್ಲೂ ಇತ್ತು. ಹಲ್ಲು ಬರುವ ಕೂಸನ್ನು ಸಮಾಧಾನ ಮಾಡುತ್ತದೆ ಎಂದು ಮಾರುತ್ತಿದ್ದ ಆ ಬಾಟಲಿಯಲ್ಲಿ ಇದ್ದದ್ದು ಮಾರ್ಫಿನ್. ನಮ್ಮ ಮುಂಬೈಯ ಹತ್ತಿ ಗಿರಣಿಗಳ ಹೆಣ್ಣುಮಕ್ಕಳು ಹಸುಗೂಸಿಗೆ ಅಫೀಮಿನ ಗುಳಿಗೆ ತಿನ್ನಿಸಿ ಪಾಳಿಗೆ ಹೋಗುತ್ತಿದ್ದರು. ಕಾರ್ಮಿಕರ ಸ್ಥಿತಿಗತಿ ಕುರಿತು 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಮುಂದೆಯೂ ಈ ವಿಷಯ ಬಂದಿತ್ತು. ಆ ತಾಯಂದಿರನ್ನು ನಾನು ದೂರಲಾರೆ. ಕೂಸನ್ನು ನೋಡಿಕೊಳ್ಳುವವರಿಲ್ಲ, ಕೆಲಸ ಬಿಟ್ಟರೆ ಅನ್ನವಿಲ್ಲ. ಅವರ ಮುಂದೆ ಇದ್ದದ್ದು ಹಸಿವು. ನಮ್ಮ ಮುಂದೆ ಇರುವುದೇನು? ಮುಂದಿನ ಸಾಲಿನವರೊಬ್ಬರು ತಿರುಗಿ ನೋಡಿಯಾರು ಎಂಬ ಮುಜುಗರ. ಆ ಮುಜುಗರಕ್ಕೆ ಹೆದರಿ ಅವರು ಹೊಟ್ಟೆಪಾಡಿಗೆ ಮಾಡಿದ್ದನ್ನೇ ನಾವೂ ಮಾಡಬೇಕೇ?

ಈ ಮುಜುಗರವನ್ನು ಬೆಳೆಸಿದವರು ಯಾರು ಎಂಬುದನ್ನೂ ಹೇಳಲೇಬೇಕು. ವಿಮಾನ ಎಂದರೆ ಮೌನದ ಜಾಗ, ಟಿಕೆಟಿನ ಹಣದಲ್ಲಿ ನಿಶ್ಶಬ್ದವೂ ಸೇರಿದೆ ಎಂಬ ನಂಬಿಕೆ ಗಟ್ಟಿಯಾಗುತ್ತಿದೆ. ಇಂಜಿನ್ನಿನ ಸದ್ದೇ 80 ಡೆಸಿಬೆಲ್ ಆಸುಪಾಸಿನಲ್ಲಿರುವ ಕಡೆ ಒಂದು ಮಗುವಿನ ಅಳು ಮಾತ್ರ ಅಪರಾಧವಾಗಿದೆ. ಏರ್‌ಏಷ್ಯಾ ಎಕ್ಸ್, ಸ್ಕೂಟ್ ಸಂಸ್ಥೆಗಳು ಹತ್ತು ವರ್ಷಕ್ಕೂ ಹಿಂದೆಯೇ ಮಕ್ಕಳಿಲ್ಲದ ಸಾಲುಗಳನ್ನು ಮಾರಲು ಶುರುಮಾಡಿದವು. 2016ರಲ್ಲಿ ನಮ್ಮ ಇಂಡಿಗೊ ಕೂಡ ಕೆಲವು ಸಾಲುಗಳಲ್ಲಿ 12 ವರ್ಷದೊಳಗಿನವರು ಕೂರುವಂತಿಲ್ಲ ಎಂದಿತು. 2019ರಲ್ಲಿ ಸೋಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ತಾಯಿಯೊಬ್ಬಳು ತನ್ನ ನಾಲ್ಕು ತಿಂಗಳ ಕೂಸಿನ ಹೆಸರಿನಲ್ಲಿ ಮುಂಗಡ ಕ್ಷಮೆ ಕೇಳಿ, ಇನ್ನೂರು ಪ್ರಯಾಣಿಕರಿಗೆ ಮಿಠಾಯಿ ಮತ್ತು ಕಿವಿಗೆ ತುರುಕಿಕೊಳ್ಳುವ ಬಿರಡೆಯ ಪೊಟ್ಟಣ ಹಂಚಿದಳು. ಜಗತ್ತು ಅದನ್ನು ಕೊಂಡಾಡಿತು. ನನಗೆ ಆ ಸುದ್ದಿ ಓದಿ ಸಂಕಟವಾಯಿತು. ನಾಲ್ಕು ತಿಂಗಳ ಕೂಸು ಯಾವ ತಪ್ಪಿಗೆ ಕ್ಷಮೆ ಕೇಳಬೇಕು? ಆ ತಾಯಿ ಎಷ್ಟು ಹೆದರಿರಬೇಕು!

ಆ ಹೆದರಿಕೆಯ ಮುಂದಿನ ಮೆಟ್ಟಿಲನ್ನೂ ನೋಡಿಯಾಗಿದೆ. 2024ರ ಆಗಸ್ಟಿನಲ್ಲಿ ಚೀನಾದ ಗುಯಿಯಾಂಗ್‌ನಿಂದ ಶಾಂಘೈಗೆ ಹೋಗುತ್ತಿದ್ದ ವಿಮಾನದಲ್ಲಿ ಅಳುತ್ತಿದ್ದ ಪುಟ್ಟ ಹೆಣ್ಣುಮಗುವೊಂದನ್ನು ಪರಿಚಯವಿಲ್ಲದ ಇಬ್ಬರು ಹೆಂಗಸರು ಶೌಚಾಲಯಕ್ಕೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಅಳು ನಿಲ್ಲಿಸಿದರೆ ಮಾತ್ರ ಹೊರಗೆ ಎಂದರು. ಜೊತೆಗಿದ್ದ ಅಜ್ಜಿ ಒಪ್ಪಿಗೆ ಕೊಟ್ಟಿದ್ದಳು. ಮಾಡಿದವರಲ್ಲಿ ಒಬ್ಬಳು ಅದರ ವಿಡಿಯೋವನ್ನು ತಾನೇ ಹಾಕಿದ್ದಳು, ಮೆಚ್ಚುಗೆ ಸಿಗುತ್ತದೆಂದು. ಎಲ್ಲರೂ ಛೀ ಎಂದರು, ನಾವೂ ಎಂದೆವು. ಆದರೆ ಸಿರಪ್ ಕುಡಿಸುವಾಗ ನಮ್ಮ ಮನಸ್ಸಿನಲ್ಲಿರುವುದೂ ಅದೇ ಲೆಕ್ಕ ತಾನೆ? ಬಾಗಿಲು ಹಾಕುವುದು ಕ್ರೌರ್ಯವೆಂದು ಕಣ್ಣಿಗೆ ಕಾಣುತ್ತದೆ, ಮಂಪರು ಬರಿಸುವುದು ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ಮಗು ಅತ್ತರೆ ಏನು ಮಾಡಬೇಕೆಂದು ನಮಗೆ ಗೊತ್ತಿಲ್ಲದೆ ಇಲ್ಲ. ಹುಬ್ಬಳ್ಳಿಗೋ ಚಾಮರಾಜನಗರಕ್ಕೋ ಹೋಗುವ ಕೆಂಪು ಬಸ್ಸಿನಲ್ಲಿ ಕೂಸು ರಚ್ಚೆ ಹಿಡಿದರೆ ಕಿಟಕಿ ಪಕ್ಕದವರು ಜಾಗ ಬಿಟ್ಟುಕೊಡುತ್ತಾರೆ. ಹಿಂದಿನ ಸೀಟಿನ ಅಜ್ಜಿ ‘ಕೊಡವ್ವ ಇಲ್ಲಿ’ ಎಂದು ಕೈ ಚಾಚುತ್ತಾಳೆ. ಇನ್ಯಾರೋ ಬಾಳೆಹಣ್ಣು ಸುಲಿಯುತ್ತಾರೆ, ಕಂಡಕ್ಟರು ಸೀಟಿ ತೋರಿಸುತ್ತಾನೆ. ಅದೇ ನಾವು ದೇವನಹಳ್ಳಿಯ ನಿಲ್ದಾಣ ದಾಟಿದ ಮೇಲೆ ಯಾಕೆ ಬೇರೆಯವರಾಗುತ್ತೇವೆ? ಯಾಕೆ ಹೆಡ್‌ಫೋನು ಹಾಕಿಕೊಂಡು ನಿಟ್ಟುಸಿರುಬಿಡುತ್ತೇವೆ, ಗಗನಸಖಿಯನ್ನು ಕರೆದು ದೂರುತ್ತೇವೆ? ಆ ನಿಟ್ಟುಸಿರು ಬೀಳುವುದು ತಾಯಿಯ ಮೇಲೆ. ‘ಮಗೂನ ಸುಧಾರಿಸೋಕೆ ಬರಲ್ಲ’ ಎಂಬ ಮಾತನ್ನು ಅಪ್ಪನಿಗೆ ಹೇಳಿದ್ದು ನಾನು ಕೇಳಿಲ್ಲ. ಎಷ್ಟೋ ಕಡೆ ಅಪ್ಪ ನಾಲ್ಕು ಸಾಲು ಹಿಂದೆ ಕೂತಿರುತ್ತಾನೆ, ಏಕೆಂದರೆ ಒಟ್ಟಿಗೆ ಕೂರುವ ಸೀಟಿಗೆ ಬೇರೆ ದುಡ್ಡು. ಹನ್ನೆರಡು ವರ್ಷದೊಳಗಿನ ಮಗುವಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರ ಪಕ್ಕದಲ್ಲಾದರೂ ಜಾಗ ಕೊಡಿ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ವಿಮಾನ ಸಂಸ್ಥೆಗಳಿಗೆ ಆದೇಶ ಹೊರಡಿಸಬೇಕಾಯಿತು. ಇಂಥದ್ದಕ್ಕೂ ಸರ್ಕಾರದ ಆದೇಶ ಬೇಕಾಯಿತು ಎನ್ನುವುದೇ ಈ ಉದ್ಯಮ ಮಗುವನ್ನು ಹೇಗೆ ಕಾಣುತ್ತದೆ ಎಂಬುದಕ್ಕೆ ಸಾಕ್ಷಿ.

‘ನಮ್ಮ ಮಗೂಗೆ ಏನೂ ಆಗಲಿಲ್ಲ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹೆಲ್ಮೆಟ್ ಇಲ್ಲದೆ ಮನೆ ತಲುಪಿದವರೂ ಸಾವಿರಾರು. ಯಾವ ಮಗುವಿನ ಉಸಿರು ಎಷ್ಟು ಕುಗ್ಗುತ್ತದೆ ಎಂಬುದು ಮೊದಲೇ ತಿಳಿಯುವುದಿಲ್ಲ. ನೆಗಡಿಯಿಂದ ಮೂಗು ಕಟ್ಟಿದ ಮಗುವಿನಲ್ಲಿ, ಮಲಗಿದಾಗ ಗೊರಕೆ ಹೊಡೆಯುವ ಮಗುವಿನಲ್ಲಿ ಅಪಾಯ ಇನ್ನೂ ಹೆಚ್ಚು. ವಾಂತಿಯ ತೊಂದರೆಯಿರುವ ದೊಡ್ಡ ಮಗುವಿಗೆ ಅದನ್ನು ನೋಡುವ ವೈದ್ಯರು ತೂಕ ಅಳೆದು ಬರೆದುಕೊಟ್ಟರೆ ಅದು ಚಿಕಿತ್ಸೆ. ನಾದಿನಿ ಫೋನಿನಲ್ಲಿ ಹೇಳಿದ ಮುಚ್ಚಳದ ಲೆಕ್ಕ ಚಿಕಿತ್ಸೆಯಲ್ಲ.

ಹಾಗಾದರೆ ಮಗುವಿಗೆ ಹಿತವಾದದ್ದೇನು? ಮೊದಲನೆಯದು, ಹೊರಡುವ ವಾರದಲ್ಲಿ ಕಿವಿನೋವು, ಜ್ವರ, ಜೋರು ನೆಗಡಿ ಇದ್ದರೆ ವೈದ್ಯರಿಗೆ ತೋರಿಸಿ, ಅವರು ಬೇಡ ಎಂದರೆ ದಿನಾಂಕ ಮುಂದೆ ಹಾಕುವುದು. ಟಿಕೆಟಿನ ದಂಡಕ್ಕೆ ಅಳುವ ನಾವು ಮಗುವಿನ ಕಿವಿತಮಟೆಯ ಬೆಲೆಯನ್ನೂ ಯೋಚಿಸಬೇಕು. ಆಮೇಲೆ ಹಾಲು. ವಿಮಾನ ಏರುವಾಗ ಮತ್ತು ಮುಖ್ಯವಾಗಿ ಇಳಿಯುವಾಗ ಎದೆಹಾಲೋ, ಬಾಟಲಿಯೋ, ಹೀರುವ ಲೋಟದಲ್ಲಿ ನೀರೋ ಬಾಯಲ್ಲಿರಬೇಕು. ಇಳಿಯುವುದೆಂದರೆ ಚಕ್ರ ನೆಲ ಮುಟ್ಟುವ ಹೊತ್ತಲ್ಲ. ಅದಕ್ಕೆ ಅರ್ಧ ಗಂಟೆ ಮುಂಚಿನಿಂದಲೇ ಕಿವಿಯ ಮೇಲೆ ಒತ್ತಡ ಏರತೊಡಗುತ್ತದೆ. ಮಗು ಸಹಜವಾಗಿ ಮಲಗಿದ್ದರೂ ಆಗ ಮೆಲ್ಲಗೆ ಎಬ್ಬಿಸಬೇಕು. ಏರಿದ ಕೂಡಲೇ ಇದ್ದ ಹಾಲನ್ನೆಲ್ಲ ಕುಡಿಸಿ ಮುಗಿಸಿದರೆ ಇಳಿಯುವಾಗ ಕೈ ಖಾಲಿ. ಭದ್ರತಾ ತಪಾಸಣೆಯಲ್ಲಿ ದ್ರವಕ್ಕಿರುವ 100 ಮಿಲಿಲೀಟರಿನ ಮಿತಿ ಮಗುವಿನ ಹಾಲು, ಆಹಾರಕ್ಕೆ ಅನ್ವಯಿಸುವುದಿಲ್ಲ, ಪ್ರಯಾಣಕ್ಕೆ ಬೇಕಾಗುವಷ್ಟು ಒಯ್ಯಬಹುದು. ಇದು ಗೊತ್ತಿಲ್ಲದೆ ಗೇಟಿನಲ್ಲೇ ರಾಗಿ ಸರಿಯ ಡಬ್ಬಿ ಖಾಲಿ ಮಾಡುವ ಅಜ್ಜಿಯಂದಿರಿದ್ದಾರೆ.

ಕ್ಯಾಬಿನ್ನಿನ ಗಾಳಿ ಒಣಗಿರುತ್ತದೆ, ತೇವ ಸಾಮಾನ್ಯವಾಗಿ ಶೇಕಡ 20ನ್ನೂ ಮುಟ್ಟದು. ಆದ್ದರಿಂದ ಆಗಾಗ್ಗೆ ಗುಟುಕು ನೀರು. ಮೊದಲ ಪ್ರಯಾಣವೆಂದು ದಪ್ಪನೆಯ ಹೊಸ ಬಟ್ಟೆ ತೊಡಿಸಿ ಫೋಟೊ ತೆಗೆಯುವ ಆಸೆ ಬಿಟ್ಟು, ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆ, ಒಂದರ ಮೇಲೊಂದು. ಮನೆಯಲ್ಲಿ ಹೊದೆಯುವ ಹಳೆಯ ದುಪ್ಪಟಿ, ಅದರ ವಾಸನೆ ಸಮೇತ. ಬೆಲ್ಟಿನ ದೀಪ ಆರಿದ ಮೇಲೆ ನಡುದಾರಿಯಲ್ಲಿ ನಾಲ್ಕು ಹೆಜ್ಜೆ ನಡೆಸುವುದು. ನಡೆಯಲು ಕಲಿತ ಮಗುವನ್ನು ಗಂಟೆಗಟ್ಟಲೆ ತೊಡೆಯ ಮೇಲೆ ಒತ್ತಿಹಿಡಿದರೆ ಅದು ಅಳದೆ ಇನ್ನೇನು ಮಾಡೀತು? ಮೊಬೈಲ್ ಹಿಡಿಸಿ ಕೂರಿಸುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ವರ್ಷದ ಮಗುವಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಇಷ್ಟೆಲ್ಲ ಮಾಡಿಯೂ ಮಗು ಅಳಬಹುದು. ಅಳಲಿ. ಅದನ್ನು ಎತ್ತಿಕೊಳ್ಳಿ, ಬೆನ್ನು ಸವರಿ, ಹಾಡು ಹೇಳಿ. ಯಾರಿಗೂ ಕ್ಷಮೆ ಕೇಳಬೇಡಿ.

ಮಕ್ಕಳ ವೈದ್ಯರು ಇನ್ನು ಮೌನವಾಗಿರಬಾರದು. ‘ಡಾಕ್ಟ್ರೇ, ಫ್ಲೈಟಲ್ಲಿ ಮಲಗೋಕೆ ಏನಾದ್ರೂ ಬರೆದುಕೊಡಿ’ ಎಂದು ಕೇಳಿದ ತಂದೆ ತಾಯಿಗೆ ಇಲ್ಲವೆಂದು ನೇರವಾಗಿ ಹೇಳಬೇಕು, ಅದರ ಬದಲು ಕಿವಿಯ ವಿಷಯ ಎರಡು ನಿಮಿಷ ವಿವರಿಸಬೇಕು. ಲಸಿಕೆಗೆ ಬಂದಾಗಲೇ ಹೇಳಿಬಿಡಬಹುದು. ಔಷಧದಂಗಡಿಯವರು ಚೀಟಿಯಿಲ್ಲದೆ ಈ ಸಿರಪ್ ದಾಟಿಸುವುದನ್ನು ನಿಲ್ಲಿಸಬೇಕು. ಮನೆಯ ಹಿರಿಯರು ಈ ಸಲಹೆಯನ್ನು ಇಂದೇ ಕೈಬಿಡಬೇಕು. ಬಾಟಲಿ ಚೀಲಕ್ಕೆ ಹೋಗುತ್ತಿರುವುದನ್ನು ಕಂಡ ಅಜ್ಜಿ ತಾತಂದಿರು ಅದನ್ನು ತೆಗೆದಿಡಬೇಕು, ಮಗಳು ಮುನಿಸಿಕೊಂಡರೂ ಸರಿ.

ವಿಮಾನ ಸಂಸ್ಥೆಗಳಿಗೆ ನನ್ನ ಬೇಡಿಕೆ ಒಂದೇ, ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ. ವಿಮಾನ ಇಳಿಯಲು ಆರಂಭಿಸುವ ಕ್ಷಣ ಪೈಲಟ್‌ಗೆ ಗೊತ್ತಿರುತ್ತದೆ. ಸೀಟು ನೆಟ್ಟಗೆ ಮಾಡಿ, ಟ್ರೇ ಮಡಿಸಿ, ಕಿಟಕಿಯ ಪರದೆ ತೆರೆಯಿರಿ ಎಂದು ಘೋಷಿಸುತ್ತೀರಿ. ಅದಕ್ಕೂ ಮುಂಚೆ, ಒತ್ತಡ ಏರುವ ಮೊದಲು, ‘ಚಿಕ್ಕ ಮಕ್ಕಳಿದ್ದರೆ ಈಗ ಎಬ್ಬಿಸಿ ಹಾಲು ಅಥವಾ ನೀರು ಕುಡಿಸಲು ಶುರುಮಾಡಿ’ ಎಂದು ಒಂದು ವಾಕ್ಯ ಹೇಳಿ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಿಂದ ಹಾರುವ ವಿಮಾನಗಳಲ್ಲಿ ಕನ್ನಡದಲ್ಲಿ ಹೇಳಿ, ಮೊಮ್ಮಗುವನ್ನು ಎತ್ತಿಕೊಂಡು ಒಬ್ಬರೇ ಹೊರಟ ಅಜ್ಜಿಗೂ ತಿಳಿಯುವ ಹಾಗೆ. ನೀವಾಗಿಯೇ ಹೇಳದಿದ್ದರೆ, ಸೀಟಿನ ವಿಷಯದಲ್ಲಿ ಮಾಡಿದಂತೆ ಇದನ್ನೂ ವಿಮಾನಯಾನ ಮಹಾನಿರ್ದೇಶನಾಲಯ ಕಡ್ಡಾಯ ಮಾಡಲಿ, ಮತ್ತು ಬೇಗ ಮಾಡಲಿ.